ನಿಲ್ಲಿಸುವ ಗಂಟೆ

ತಿಥಿಯ ಮರುದಿನ ಬೆಳಿಗ್ಗೆ ಮನೆಯಲ್ಲಿ ಉಳಿದವರು ಇಬ್ಬರೇ. ಕ್ಯಾಸಂಬಳ್ಳಿಯ ನೆಂಟರು ಹಿಂದಿನ ದಿನವೇ ಕೊನೆಯ ಬಸ್ಸು ಹಿಡಿದಿದ್ದರು. ಕೋರಮಂಡಲ್‌ನ ಸಾಲುಮನೆಗಳಲ್ಲಿ ಎಂದಿನಂತೆ ಆರಕ್ಕೆ ನಲ್ಲಿಯಲ್ಲಿ ನೀರು ಬಂತು. ರತ್ನ ಎರಡು ಬಿಂದಿಗೆ ಹಿಡಿದು ತಂದಳು. ಹಾಲಿನ ಕದಿರಮ್ಮ ಕ್ಯಾನಿನ ಮುಚ್ಚಳ ತೆಗೆದು ಎಂದಿನಂತೆ ಒಂದು ಲೀಟರ್ ಅಳೆದಳು. ಇನ್ನು ಮುಂದೆ ಅರ್ಧ ಸಾಕು ಎಂದು ಹೇಳಬೇಕಿತ್ತೆಂದು ರತ್ನಳಿಗೆ ನೆನಪಾಗುವ ಹೊತ್ತಿಗೆ ಕದಿರಮ್ಮ ಮೂರು ಮನೆ ದಾಟಿದ್ದಳು.

"ಅಳೋದಾದ್ರೆ ಅತ್ಬುಡಮ್ಮ," ಎಂದರು ಅತ್ತೆ ಅಮ್ಮಾಜಮ್ಮ, ಒಲೆಯ ಮುಂದಿನಿಂದ. "ಒಳಗೇ ಇಟ್ಕೋಬೇಡ."

"ಬರ್ತಾ ಇಲ್ಲ ಅತ್ತಮ್ಮ."

"ಬರ್ದಿದ್ರೆ ಬುಡು. ಅಂಬ್ಲಿ ಕುಡಿ."

ರತ್ನ ಅಂಬಲಿ ಕುಡಿದಳು. ಅದರ ರುಚಿ ಗೊತ್ತಾಗಲಿಲ್ಲ. ಮಗ ಹೋದ ದಿನ ಅಮ್ಮಾಜಮ್ಮ ಬೀದಿಗೆಲ್ಲ ಕೇಳುವಂತೆ ಅತ್ತಿದ್ದರು; ರತ್ನ ಮಾತ್ರ ಗೋಡೆಗೆ ಒರಗಿ ಕೂತು ಬಂದವರಿಗೆ ಚಾಪೆ ತೋರಿಸಿದ್ದಳು. ಓದಿದ ಹುಡುಗಿ, ಕಲ್ಲು ಮನಸ್ಸು ಎಂದು ಯಾರೋ ಅಂದದ್ದೂ ಕಿವಿಗೆ ಬಿದ್ದಿತ್ತು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿ ಎಂ.ಎಸ್ಸಿ. ಮಾಡಿದ್ದಳೆಂಬುದೇನೋ ನಿಜ. ಮದುವೆಯಾಗಿ ಮೂರು ವರ್ಷ ಆಗಿತ್ತು. ಗಂಡ ಆದಿನಾರಾಯಣ ಚಿನ್ನದ ಗಣಿಯಲ್ಲಿ ಎಲೆಕ್ಟ್ರಿಷಿಯನ್, ವಯಸ್ಸು ಮೂವತ್ತೊಂದು. ಕಾಮಾಲೆ ಬಂದು ಒಂಬತ್ತೇ ದಿನಕ್ಕೆ ಹೋದ.

ಹತ್ತು ಗಂಟೆಯ ಹೊತ್ತಿಗೆ ಬಾಗಿಲಲ್ಲಿ ಜಯರಾಮಪ್ಪ ನಿಂತಿದ್ದರು. ಬಂಗಾರಪೇಟೆಯಲ್ಲಿ ರೈಲ್ವೆ ಸ್ಟೇಷನ್ನಿನ ಎದುರಿಗೆ ಅವರದೊಂದು ಟೈಪಿಂಗ್ ಇನ್‌ಸ್ಟಿಟ್ಯೂಟು. ನಾಲ್ಕು ವರ್ಷದಿಂದ ಅದು ಕಂಪ್ಯೂಟರ್ ಇನ್‌ಸ್ಟಿಟ್ಯೂಟೂ ಆಗಿತ್ತು. ಅಲ್ಲಿಯ ವೈರಿಂಗೆಲ್ಲ ಆದಿಯ ಕೈಕೆಲಸ. ಅವರು ಒಳಗೆ ಬಂದು ಕೂತರು, ಕಾಫಿ ಕುಡಿದರು, ಲೋಟವನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಮೂಲೆಯ ಮೇಜನ್ನೇ ನೋಡಿದರು. ಮೇಜಿನ ಮೇಲೆ ರತ್ನಳ ಹಳೆಯ ಸೀರೆ ಹೊದ್ದು ಕಂಪ್ಯೂಟರ್ ಕೂತಿತ್ತು.

"ನಿಮ್ಮದಲ್ವಾ ಅಣ್ಣ ಅದು," ಎಂದಳು ರತ್ನ, ಅವರ ಕಷ್ಟ ನೋಡಲಾರದೆ.

"ಹೇಗೆ ಕೇಳೋದು ಅಂತ ದಾರಿಯುದ್ದಕ್ಕೂ ಯೋಚಿಸ್ತಾ ಬಂದೆ ತಾಯಿ. ಎರಡು ವರ್ಷದಿಂದ ಇಟ್ಕೊಂಡಿದ್ದ, ನಾನೂ ಕೇಳಲಿಲ್ಲ. ಈಗ ಸೋಮವಾರ ಹೊಸ ಬ್ಯಾಚು. ಇರೋ ಮಷೀನಲ್ಲಿ ಎರಡು ಕೆಟ್ಟು ಕೂತಿವೆ. ಹುಡುಗರಿಗೆ ಆಗಲೇ ಮಾತು ಕೊಟ್ಬಿಟ್ಟಿದೀನಿ."

"ತಗೊಂಡು ಹೋಗಿ. ಅದಕ್ಕೇನಂತೆ."

"ಅದಲ್ಲ. ಒಳಗೆ ಅವನು ಕಟ್ಟಿದ ಹಾಡಿವೆ."

ಆಗಲೇ ಜಯರಾಮಪ್ಪ ವಿಷಯ ಬಿಡಿಸಿ ಹೇಳಿದ್ದು. ಆದಿಯ ಹಾಡುಗಳು ಹಾಡುಗಳಾಗಿ ಆ ಪೆಟ್ಟಿಗೆಯಲ್ಲಿ ಇರಲಿಲ್ಲ. "ಅಡುಗೆ ಮಾಡೋದು ಹೇಗೆ ಅಂತ ಬರೆದಿಟ್ಟ ಚೀಟಿ ಇದ್ದ ಹಾಗೆ ಇವು. ಏನೇನು ಹಾಕಬೇಕು, ಯಾವಾಗ ಹಾಕಬೇಕು, ಎಲ್ಲ ಇದೆ. ಬೇಯಿಸಿ ಬಡಿಸೋಕೆ ಮಾತ್ರ ಇಂಥ ಮಷೀನೇ ಬೇಕು, ಆ ಸೌಂಡ್ ಕಾರ್ಡೇ ಬೇಕು. ಫ್ಲಾಪಿಗೆ ಹಾಕಿಟ್ಟರೆ ಚೀಟಿ ಉಳಿಯುತ್ತೆ, ಅದೂ ಫ್ಲಾಪಿಗೆ ಬೂಷ್ಟು ಹಿಡಿಯೋವರೆಗೆ. ಊಟ ಯಾರಿಗೂ ಸಿಗಲ್ಲ. ಒಂದೊಂದನ್ನೂ ಪೂರ್ತಿ ಸದ್ದಾಗಿಸಿ, ವೇವ್ ಫೈಲ್ ಅಂತಾರಲ್ಲ, ಹಾಗೆ ಬರೆಸಿದರೆ ನಾನು ಸಿ.ಡಿ. ಮಾಡಿಕೊಡ್ತೀನಿ. ಹೊಸದಾಗಿ ಬರೆಯೋ ಯಂತ್ರ ತರಿಸಿದೀನಿ. ಆಮೇಲೆ ಯಾರ ಮನೇಲಾದರೂ ಹಾಕಿ ಕೇಳಬಹುದು."

"ಎಷ್ಟಿವೆ?"

"ಹನ್ನೊಂದು ಅಂತಿದ್ದ. ಸಿ.ಡಿ. ಕೂಡ ನನ್ನ ಕೈಲಿ ತರಿಸಿಕೊಂಡಿದ್ದ, ಒಂದೇ ಒಂದು. ಎಲ್ಲ ಒಟ್ಟಿಗೇ ಬರೆಸೋಣ, ಇನ್ನೊಂದು ಬಾಕಿ ಇದೆ ಅಂತಲೇ ದಿನ ತಳ್ಳಿದ."

ಅವತ್ತು ಬುಧವಾರ. ಭಾನುವಾರ ಯಂತ್ರ ತಂದು ಒಪ್ಪಿಸುತ್ತೇನೆಂದು ರತ್ನ ಹೇಳಿದಳು. ಅವರು ಹೋದ ಮೇಲೆ ಸೀರೆ ತೆಗೆದು ಮಡಿಸಿಟ್ಟಳು. ಎರಡು ವರ್ಷದಲ್ಲಿ ಅವಳು ಆ ಕುರ್ಚಿಯ ಮೇಲೆ ಒಂದು ದಿನವೂ ಕೂತಿರಲಿಲ್ಲ. ಪಾಳಿ ಮುಗಿಸಿ ಬಂದವನು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತರೆ ಮನೆಯಲ್ಲಿ ಕೀಲಿಗಳ ಟಕಟಕ ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ. "ಬಾ ರತ್ನ, ಕೇಳು" ಎಂದು ಎಷ್ಟೋ ಸಲ ಕರೆದಿದ್ದ. ಒಗ್ಗರಣೆಗಿಟ್ಟಿದೀನಿ, ಬಂದೆ, ಎನ್ನುತ್ತಿದ್ದಳು.

ಗುರುವಾರ ಬೆಳಿಗ್ಗೆ ಕೂತಳು.

ಪರದೆಯ ಮೇಲೆ ಉದ್ದುದ್ದ ಕಂಬಸಾಲುಗಳು, ಪ್ರತಿ ಸಾಲಿನಲ್ಲೂ ಒಂದು ಸ್ವರ, ಒಂದು ಸಂಖ್ಯೆ. ಹಾಡು ಶುರುವಾದರೆ ಅವು ಮೇಲಿನಿಂದ ಕೆಳಕ್ಕೆ ಜಾರುತ್ತಿದ್ದವು. ಸಂಖ್ಯೆಗಳ ನಡುವೆ ಎ, ಬಿ, ಸಿ ಎಂದು ಅಕ್ಷರಗಳೂ ಇದ್ದವು. ಒಂಬತ್ತರ ಮೇಲಿನ ಅಂಕಿಗೆ ಅಕ್ಷರ ಬಳಸುವ ಹದಿನಾರರ ಲೆಕ್ಕ ಅವಳಿಗೆ ಗೊತ್ತಿತ್ತು. ಅರ್ಧ ಗಂಟೆಯಲ್ಲಿ ಓದು ಹಿಡಿತಕ್ಕೆ ಬಂತು. ಪಕ್ಕದಲ್ಲೊಂದು ಪಟ್ಟಿ: ಈ ಹಾಡಿಗೆ ಯಾವ ಯಾವ ಸದ್ದು ಬಳಸಿದೆ ಎಂಬುದಕ್ಕೆ. ಒಂದೊಂದು ಹೆಸರಿಗೆ ಇಪ್ಪತ್ತೆರಡೇ ಅಕ್ಷರದ ಜಾಗ. ಆದಿ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡವನ್ನು ಇರುಕಿಸಿ ಬರೆದಿದ್ದ. ಕದಿರಮ್ಮನ ಕ್ಯಾನು. ಮಾರಿಕುಪ್ಪಂ ಗಾಡಿ. ಅಮ್ಮನ ಊದುಗೊಳವೆ. ನಲ್ಲಿ, ನೀರು ನಿಂತಾಗ.

ಕದಿರಮ್ಮನ ಕ್ಯಾನನ್ನು ಒತ್ತಿದಳು. ಮುಚ್ಚಳ ಬಿದ್ದ ಸದ್ದು, ಅರ್ಧ ಸೆಕೆಂಡು. ಅಷ್ಟೇ. ಆ ಅರ್ಧ ಸೆಕೆಂಡನ್ನು ಅವನು ಒಂದು ಹಾಡಿನಲ್ಲಿ ಗೆಜ್ಜೆಯಷ್ಟು ತೆಳ್ಳಗೆ ಮಾಡಿದ್ದ, ಇನ್ನೊಂದರಲ್ಲಿ ದೇವಸ್ಥಾನದ ಜಾಗಟೆಯಷ್ಟು ದಪ್ಪಗೆ. ಮೆಮೊರಿ ಇದ್ದದ್ದೇ ಎಂಟು ಮೆಗಾಬೈಟು. ಒಂದು ಸದ್ದು ಜಾಸ್ತಿಯಾದರೆ ಇನ್ನೊಂದನ್ನು ಕತ್ತರಿಸಬೇಕು. ಎಲ್ಲಿ ಕತ್ತರಿಸಿದ್ದಾನೆಂದು ಹುಡುಕಿದಳು, ಸಿಗಲಿಲ್ಲ. ಕಾಲೇಜಿನಲ್ಲಿ ಒಂದು ಪ್ರಮೇಯವನ್ನು ಕೆಲವರು ಮೂರು ಪುಟ ಬರೆಯುತ್ತಿದ್ದರು, ಒಬ್ಬರು ಮೇಷ್ಟ್ರು ಐದು ಸಾಲಿನಲ್ಲಿ ಮುಗಿಸುತ್ತಿದ್ದರು. ಆ ಐದು ಸಾಲು ನೋಡಿದಾಗ ಆಗುತ್ತಿದ್ದದ್ದೇ ಈಗಲೂ ಆಯಿತು. ತಾಳದ ಗಂಧ ಗೊತ್ತಿಲ್ಲವೆಂದು ಅವಳು ನಗುತ್ತಿದ್ದ ಮನುಷ್ಯ ಏಳು ಮಾತ್ರೆಯ ಕ್ಯಾನನ್ನೂ ಐದು ಮಾತ್ರೆಯ ರೈಲುಗಾಡಿಯನ್ನೂ ಬೇರೆ ಬೇರೆ ಬಿಟ್ಟು, ಮೂವತ್ತೈದನೆಯ ಮಾತ್ರೆಯಲ್ಲಿ ಕೈಕುಲುಕಿಸಿದ್ದ.

ಹೆಡ್‌ಫೋನ್ ಕಿತ್ತು ಸ್ಪೀಕರಿಗೆ ಹಾಕಿದಳು. ಅಡುಗೆಮನೆಯಿಂದ ಅಮ್ಮಾಜಮ್ಮ ಬಂದು ಬಾಗಿಲಲ್ಲಿ ನಿಂತರು.

"ಇದೇನೇ ಇದು, ಸನಾದಿ ಥರ?"

"ನಿಮ್ಮ ಊದುಗೊಳವೆ ಅತ್ತಮ್ಮ."

"ನನ್ನ ಊದ್ಗೊಳ್ವೇನಾ! ಸುಮ್ಕಿರಮ್ಮ."

"ಹೆಸರು ಬರೆದಿದಾರೆ. ಅಮ್ಮನ ಊದುಗೊಳವೆ ಅಂತ."

ಅಮ್ಮಾಜಮ್ಮ ಹತ್ತಿರ ಬಂದು ಪರದೆಗೆ ಮುಖ ತಾಗುವಷ್ಟು ಬಗ್ಗಿದರು. ಅಕ್ಷರ ಬಾರದ ಕಣ್ಣು ಆ ಸಾಲನ್ನು ಎಡದಿಂದ ಬಲಕ್ಕೆ ಸವರಿತು. "ಒಂದಿನ ಬಂದು ಬಾಯ್ತಾವ ಮೈಕ್ ಇಡ್ದ. ಊದಮ್ಮ ಊದು ಅಂದ. ಒಗೆ ಕಣ್ಣಿಗೆ ಓಗ್ತಾ ಐತೆ, ನೀನೊಬ್ಬ, ಅತ್ಲಾಗೋಗ್ಲಾ ಅಂತ ಬೈದೆ." ಆಮೇಲೆ ರತ್ನಳನ್ನು ಕೇಳಿದರು: "ಬೈದದ್ದೂ ಐತೇನು ಇದ್ರಾಗೆ?"

ರತ್ನ ಪಟ್ಟಿ ನೋಡಿದಳು. ಒಂಬತ್ತನೆಯ ಸದ್ದಿನ ಹೆಸರು 'ಅಮ್ಮ ಬೈಗುಳ'. ಒತ್ತಿದಳು. "ಅತ್ಲಾಗೋಗ್ಲಾ" ಎಂದಿತು ಯಂತ್ರ. ಅಮ್ಮಾಜಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು, ನಗುತ್ತ ನಗುತ್ತ ಅತ್ತರು, ಕಣ್ಣೊರೆಸಿಕೊಂಡು "ಇನ್ನೊಂದ್ ಸಲ ಆಕು" ಎಂದರು.

ಫೈಲಾಗಿಸುವ ಕೆಲಸ ಕಷ್ಟದ್ದೇನಲ್ಲ, ತಾಳ್ಮೆಯದು. ಒಂದು ಆಯ್ಕೆ ಒತ್ತಬೇಕು, ಹೆಸರು ಕೊಡಬೇಕು, ಯಂತ್ರ ತನ್ನಷ್ಟಕ್ಕೆ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಲೆಕ್ಕ ಹಾಕಿ ಸದ್ದಾಗಿ ಬರೆಯುತ್ತಿತ್ತು. ನಾಲ್ಕು ನಿಮಿಷದ ಹಾಡಿಗೆ ನಲವತ್ತು ಮೆಗಾಬೈಟು. ಹಳೆಯ ಯಂತ್ರ, ಹಾಡಿನ ಎರಡರಷ್ಟು ಹೊತ್ತು ಹಿಡಿಯುತ್ತಿತ್ತು. ಗುರುವಾರ ಆರು ಆದವು. ಶುಕ್ರವಾರ ಮಧ್ಯಾಹ್ನದೊಳಗೆ ಇನ್ನು ನಾಲ್ಕು. ಆದ ಒಂದೊಂದನ್ನೂ ಪೂರ್ತಿ ಕೇಳಿ ನೋಡಿದಳು. ಹಾಗೆ ಕೇಳಲೇಬೇಕೆಂದು ಯಾರೂ ಹೇಳಿರಲಿಲ್ಲ.

ಉಳಿದದ್ದು ಒಂದು. ಅದರ ಹೆಸರು 'ಕುಪ್ಪು'. ಉಳಿದ ಹತ್ತಕ್ಕಿಂತ ಅದು ಭಾರ. ಫ್ಲಾಪಿಯಲ್ಲಿ ಹಿಡಿಸುವಂತೆಯೇ ಇರಲಿಲ್ಲ. ರತ್ನ ಬರೆಯಲು ಬಿಟ್ಟು ರೇಷನ್ ಅಂಗಡಿಗೆ ಹೋದಳು. ಸಾಲು ಉದ್ದವಿತ್ತು. ವಾಪಸು ಬಂದಾಗ ಪರದೆಯ ನಡುವೆ ಕೆಂಪು ಚೌಕದಲ್ಲಿ ಬರೆದಿತ್ತು: ಡಿಸ್ಕ್‌ನಲ್ಲಿ ಜಾಗವಿಲ್ಲ.

ಮುನ್ನೂರು ಮೆಗಾಬೈಟು ಬರೆದಿತ್ತು. ಅರ್ಧ ಗಂಟೆಯ ಹಾಡು. ಅಷ್ಟು ಉದ್ದ ಇರಲಾರದು. ಅಳಿಸಿದಳು, ಮತ್ತೆ ಬರೆಸಿದಳು. ಮತ್ತೆ ಡಿಸ್ಕ್ ತುಂಬಿತು. ಆಮೇಲೆ ಕಂಬಸಾಲುಗಳನ್ನು ಒಂದೊಂದಾಗಿ ಓದುತ್ತ ಕೆಳಗೆ ಇಳಿದಳು. ಕಟ್ಟಕಡೆಯ ಸಾಲಿನಲ್ಲಿ ಒಂದು ಆಜ್ಞೆ ಇತ್ತು: ಬಿ, ಸೊನ್ನೆ, ಸೊನ್ನೆ. ಮೊದಲಿಗೆ ಹೋಗು ಎಂದು ಅದರ ಅರ್ಥ. ಹಾಡು ಮುಗಿಯುವ ಕಡೆ ಆದಿ ಅದನ್ನು ಮೊದಲಿಗೆ ಕಟ್ಟಿಹಾಕಿದ್ದ. ಪೆಟ್ಟಿಗೆಯಲ್ಲಿ ಇರುವವರೆಗೆ ಅದು ಎಷ್ಟು ಬೇಕಾದರೂ ಸುತ್ತಬಹುದಿತ್ತು. ಫೈಲಿಗೆ ಮಾತ್ರ ಒಂದು ಕೊನೆ ಬೇಕು.

ಜಯರಾಮಪ್ಪನವರಿಗೆ ಅಂಗಡಿಯಿಂದ ಫೋನ್ ಮಾಡಿದಳು. "ಅಯ್ಯೋ, ಅದಕ್ಯಾಕೆ ಚಿಂತೆ," ಎಂದರು ಅವರು. "ಎಲ್ಲೋ ಒಂದು ಕಡೆ ಸದ್ದು ಇಳಿಸ್ತಾ ಇಳಿಸ್ತಾ ಮುಗಿಸಿಬಿಡು. ಸಿನಿಮಾ ಹಾಡಿಗೆಲ್ಲ ಹಾಗೇ ಮಾಡ್ತಾರೆ."

ಎಲ್ಲೋ ಒಂದು ಕಡೆ. ರತ್ನ ಪರದೆಯ ಮುಂದೆ ಕೂತಳು. ಹೇಗೆ ಇಳಿಸಬೇಕೆಂದು ಗೊತ್ತಿತ್ತು. ಎಲ್ಲಿ ಎಂಬುದು ಗೊತ್ತಿರಲಿಲ್ಲ. ಹನ್ನೊಂದು ದಿನ ಎಲ್ಲರೂ ಬಂದು ಏನೇನನ್ನೋ ಮುಗಿಸಿ ಹೋಗಿದ್ದರು. ಇದೊಂದನ್ನು ಅವನೇ ಮುಗಿಸದೆ ಬಿಟ್ಟಿದ್ದ. ಕೈ ಕೀಲಿಯ ಮೇಲೇ ಇತ್ತು. ಎತ್ತಿಕೊಂಡಳು.

ಶನಿವಾರ ಬೆಳಗಿನ ಪಾಳಿ ಮುಗಿಸಿಕೊಂಡು ಕುಪ್ಪುಸ್ವಾಮಿ ಬಂದ. ಐವತ್ತು ದಾಟಿದ ಆಸಾಮಿ. ಆದಿ ಕೆಲಸ ಮಾಡುತ್ತಿದ್ದ ಶಾಫ್ಟಿನ, ಅಂದರೆ ಗಣಿಬಾವಿಯ, ಬಾಯಲ್ಲಿ ಗಂಟೆ ಹೊಡೆಯುವವನು. ಜನರನ್ನು ಕೇಜೆಂಬ ಕಬ್ಬಿಣದ ಪಂಜರದೊಳಗೆ ಹತ್ತಿಸಿ ಅವನು ಇಷ್ಟು ಅಂತ ಗಂಟೆ ಹೊಡೆದರೆ ದೂರದ ಇಂಜಿನ್ ಮನೆಯಲ್ಲಿ ಕೂತ ಡ್ರೈವರು ಅದರಂತೆ ಹಗ್ಗ ಬಿಡುತ್ತಿದ್ದ, ಎಳೆಯುತ್ತಿದ್ದ. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ. ಹಣ್ಣಿನ ಚೀಲ ಅಮ್ಮಾಜಮ್ಮನ ಕೈಗೆ ಕೊಟ್ಟು ನೆಲಕ್ಕೆ ಕೂರಲು ಹೋದವನು ಕಂಪ್ಯೂಟರ್ ನೋಡಿ ನಿಂತೇ ಇದ್ದ.

"ನಿಮ್ಮ ಹೆಸರಲ್ಲಿ ಒಂದು ಹಾಡಿದೆ ಅಣ್ಣ," ಎಂದಳು ರತ್ನ. "ಅದೊಂದೇ ಸಿ.ಡಿ.ಗೆ ಹೋಗ್ತಿಲ್ಲ."

"ನನ್ನ ಹೆಸ್ರಲ್ಲಾ? ಅಡಪ್ಪಾವಿ!" ಕುಪ್ಪುಸ್ವಾಮಿ ಮೀಸೆ ಒರೆಸಿಕೊಂಡ. "ಎಲ್ಲಿ, ಹಾಕಮ್ಮ."

ಊದುಗೊಳವೆಯ ಆಳದ ದನಿಯಿಂದ ಹಾಡು ಶುರುವಾಯಿತು. ಅದರ ಮೇಲೆ ಗಂಟೆ. ಪರದೆಯ ಮೇಲೆ ಸಾಲುಗಳು ಕೆಳಕ್ಕೆ ಜಾರತೊಡಗಿದವು.

"ಇದು ಶಾಫ್ಟ್ ಅಲ್ವಾ!" ಎಂದ ಕುಪ್ಪುಸ್ವಾಮಿ. "ನೋಡು, ಇಳೀತಾ ಇದೆ." ಗಂಟೆಯ ಸದ್ದಿಗೆ ಅವನ ಬೆರಳು ತಾನಾಗಿ ಮಡಚಿತು. "ಮೂರು. ಜನ ಹತ್ತಿದ್ರು. ಆಂ, ಇಳಿಸು ಅಂದ. ಸರಿ. ಹಗ್ಗ ಕೇಳ್ತಾ ಇದೆ ನೋಡು, ಊಂ ಅಂತ... ಈಗ ಮೇಲಕ್ಕೆ. ಸರಿಯಾಗೇ ಇದೆ ಗಂಟೆ, ಒಂದೂ ತಪ್ಪಿಲ್ಲ. ಮತ್ತೆ ಇಳೀತು." ಹಾಡು ಸುತ್ತಿ ಮೊದಲಿಗೆ ಬಂತು. ಅವನ ಹುಬ್ಬು ಗಂಟಿಕ್ಕಿತು. "ಏನಮ್ಮ ಇದು, ಡ್ಯೂಟಿ ಮುಗಿಯೋದೇ ಇಲ್ವಾ?"

"ಅದೇ ಅಣ್ಣ ತೊಂದರೆ. ನಿಲ್ಲೋದೇ ಇಲ್ಲ."

"ಹೆಂಗೆ ನಿಲ್ಲುತ್ತೆ? ಇದಕ್ಕೆ ಒಂದು ಗಂಟೆ ಬೇಕು."

"ಒಂದು ಗಂಟೆ ಬಿಟ್ಟೂ ನೋಡಿದೆ ಅಣ್ಣ. ಡಿಸ್ಕ್ ತುಂಬಿಹೋಯ್ತು."

"ಅಯ್ಯೋ ತಂಗಚ್ಚಿ, ಟೈಮ್ ಅಲ್ಲಮ್ಮ! ಗಂಟೆ! ಡಣ್!" ಕುಪ್ಪುಸ್ವಾಮಿ ಗಾಳಿಯಲ್ಲಿ ಹಗ್ಗ ಜಗ್ಗಿ ತೋರಿಸಿದ. ಅಮ್ಮಾಜಮ್ಮ ಕಿಸಕ್ಕೆಂದರು. "ಓಡ್ತಾ ಇರೋ ಕೇಜಿಗೆ ಒಂದೇ ಒಂದು ಹೊಡೆದ್ರೆ ನಿಲ್ಲು ಅಂತ. ಅಲ್ಲೇ ನಿಲ್ಲು ಅಂತ. ಆ ಒಂದು ಇದ್ರಲ್ಲಿ ಇಲ್ವೇ ಇಲ್ಲ." ಆಮೇಲೆ ಅವನ ದನಿ ಇಳಿಯಿತು. "ಅದು ನನ್ನದೇ ತಪ್ಪು."

"ನಿಮ್ಮದಾ?"

"ಟಿಫಿನ್ ಡಬ್ಬದ ಪಕ್ಕದಲ್ಲಿ ಟೇಪ್ ರೆಕಾರ್ಡರ್ ಇಟ್ಕೊಂಡು ಬಂದು ಕೂತಿದ್ದ. ದಿನದ ಗಂಟೆ ಎಲ್ಲಾ ಹಿಡ್ಕೊಂಡ. ಕೊನೇಗೆ, ಕುಪ್ಪಣ್ಣ, ಆ ಒಂದು ಹೊಡಿ ಅಂದ. ನಾನು ಒಪ್ಪಲಿಲ್ಲ. ಅದು ಸುಮ್ನೆ ಹೊಡೆಯೋ ಗಂಟೆ ಅಲ್ಲಮ್ಮ. ಕಾರಣ ಇಲ್ದೆ ಹೊಡೆದ್ರೆ ಒಳಗಿರೋರ ಜೀವ ಬಾಯಿಗೆ ಬರುತ್ತೆ. ಕಾರಣ ಬಂದಾಗ ಹಿಡ್ಕೋ, ಬರದೇ ಇರ್ಲಿ ಮುರುಗನ ದಯೆ ಅಂದೆ. ಬರಲೇ ಇಲ್ಲ. ಎರಡು ವರ್ಷ ಕಾದ."

ರತ್ನ ಪಟ್ಟಿಯ ಕಡೆ ತಿರುಗಿದಳು. ಏಳನೆಯ ಸದ್ದು, 'ಕುಪ್ಪಣ್ಣ ಗಂಟೆ'. ಒತ್ತಿದಳು. ಡಣ್ ಎಂದಿತು. ಒಂದೇ ಹೊಡೆತ.

"ಅಣ್ಣ," ಎಂದಳು ನಿಧಾನವಾಗಿ, "ಇದರಲ್ಲಿ ಇರೋದೇ ಒಂದು ಹೊಡೆತ. ಇಲ್ಲಿ ನೋಡಿ. ಇದನ್ನೇ ಮೂರು ಸಾಲಲ್ಲಿ ಬರೆದರೆ ಮೂರು, ಎರಡು ಸಾಲಲ್ಲಿ ಬರೆದರೆ ಎರಡು. ಒಂದೇ ಸಲ ಬರೆದಿದ್ದರೆ ಅವರಿಗೆ ಆ ಗಂಟೆ ಸಿಕ್ಕಿಬಿಡ್ತಿತ್ತು. ನೀವು ಹೊಡೆದೇ ಕೊಡಬೇಕು ಅಂತ ಇರಲಿಲ್ಲ."

"ಬರೆಯಬಹುದಿತ್ತಾ?"

"ಎರಡು ವರ್ಷದಲ್ಲಿ ಯಾವತ್ತು ಬೇಕಾದರೂ."

ಕುಪ್ಪುಸ್ವಾಮಿ ಪರದೆಯನ್ನು ನೋಡಿದ, ಅವಳನ್ನು ನೋಡಿದ. "ಬರೀಲಿಲ್ಲ," ಎಂದ.

"ಇಲ್ಲ."

"ಮನೇಲಿ ಕೂತು ಆಡೋ ಆಟದಲ್ಲೂ ಬರೀಲಿಲ್ಲ." ಅವನು ಎರಡು ಕೈ ಜೋಡಿಸಿ ಯಂತ್ರಕ್ಕೇ ನಮಸ್ಕಾರ ಮಾಡಿದ. "ಮೂವತ್ತು ವರ್ಷದಲ್ಲಿ ಎಷ್ಟು ಜನರನ್ನ ನೋಡಿದೀನಿ. ಗಂಟೆಗೆ ಇಷ್ಟು ಮರ್ಯಾದೆ ಕೊಟ್ಟೋನು ಇವನೊಬ್ಬ, ತಂಗಚ್ಚಿ. ಅದೂ ಕರೆಂಟ್ ಕೆಲಸದೋನು!"

ರತ್ನಳ ಗಂಡ ಅವಳ ಎದುರೇ, ಎರಡು ಮಾರು ದೂರದಲ್ಲಿ ಕೂತು, ಒಂದು ಸ್ವರವನ್ನು ಬರೆಯದೆ ಇರುವ ಕೆಲಸವನ್ನೂ ಮಾಡುತ್ತಿದ್ದ. ಅವಳು ಒಗ್ಗರಣೆ ಹಾಕುತ್ತಿದ್ದಳು.

"ಈಗ ಹೊಡೆಯಬಹುದಾ ಅಣ್ಣ?" ಎಂದು ಕೇಳಿದಳು.

ಅಮ್ಮಾಜಮ್ಮ ಅಂದರು: "ಅವ್ನು ಒಂಟೋದ್ಮೇಲೂ ಅದು ಸುತ್ತಾನೇ ಇರ್ಬೇಕೇನಪ್ಪ? ಸುಸ್ತಾಗಲ್ವಾ?"

"ಕಾರಣ ಇದೆ," ಎಂದ ಕುಪ್ಪುಸ್ವಾಮಿ. "ಈಗ ಕಾರಣ ಇದೆ. ಆದ್ರೆ ಎಲ್ಲಂದ್ರಲ್ಲಿ ಹೊಡೆಯೋ ಹಾಗಿಲ್ಲ. ಮಧ್ಯದಲ್ಲಿ ನಿಲ್ಲಿಸಿದ್ರೆ ಜನ ಕತ್ತಲಲ್ಲಿ ನೇತಾಡ್ತಾರೆ. ಕೇಜು ಮೇಲಕ್ಕೆ ಬರಬೇಕು. ಡ್ರೈವರ್ ಯಾರೂ ಇಲ್ವಲ್ಲ ಇಲ್ಲಿ, ನೀನೇ ಡ್ರೈವರು. ನಾನು ಕೈ ಎತ್ತಿದಾಗ ನಿಲ್ಲಿಸು."

ಅವನು ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನೆಲದ ಮೇಲೆ ನಿಂತ, ಕಣ್ಣು ಮುಚ್ಚಿದ. ಹಾಡು ಮೊದಲಿನಿಂದ ಹೊರಟಿತು. ಒಂದು ಸುತ್ತು ಕೇಳಿದ. ಎರಡನೆಯ ಸುತ್ತಿನಲ್ಲಿ ಊದುಗೊಳವೆಯ ದನಿ ಆಳದಿಂದ ಏರತೊಡಗಿದಾಗ ಅವನ ಗಲ್ಲ ನಿಧಾನವಾಗಿ ಮೇಲೆದ್ದಿತು. ದನಿ ಏರಿತು, ತೆಳ್ಳಗಾಯಿತು, ಕದಿರಮ್ಮನ ಕ್ಯಾನಿನ ಗೆಜ್ಜೆ ಹೊರಗಿನ ಬೆಳಕಿನಂತೆ ಎಲ್ಲಿಂದಲೋ ಸೇರಿಕೊಂಡಿತು. ಕೈ ಎತ್ತಿದ.

ರತ್ನ ನಿಲ್ಲಿಸಿದಳು. ಕೊನೆಯ ಕಂಬಸಾಲಿನಲ್ಲಿ ನಲವತ್ತನೆಯ ಸಾಲು.

"ಇಲ್ಲಿ. ಬಾಯಿಗೆ ಬಂತು. ಎಲ್ಲಾ ಇಳೀಬಹುದು."

ಅವಳು ಆ ಸಾಲಿಗೆ ಹೋಗಿ, ಏಳನೆಯ ಸದ್ದನ್ನು ಆರಿಸಿ, ಒತ್ತಬೇಕಾದ ಕೀಲಿಯನ್ನು ತೋರಿಸಿ ಕುರ್ಚಿ ಬಿಟ್ಟೆದ್ದಳು. ಕುಪ್ಪುಸ್ವಾಮಿಯ ಕೈ ಅಭ್ಯಾಸಬಲದಿಂದ ಮೊದಲು ತಲೆಯ ಮೇಲಕ್ಕೆ ಹೋಯಿತು, ಇಲ್ಲದ ಹಗ್ಗ ಹುಡುಕಿತು. "ಥೂ," ಎಂದುಕೊಂಡು ಕೆಳಗಿಳಿಸಿ ತೋರುಬೆರಳಿನಿಂದ ಒತ್ತಿದ.

ಡಣ್.

ಬಿ ಸೊನ್ನೆ ಸೊನ್ನೆ ಇದ್ದ ಕೊನೆಯ ಸಾಲುಗಳನ್ನು ರತ್ನ ತೆಗೆದಳು. ಆದಿ ಬರೆದಿಟ್ಟದ್ದನ್ನು ಮುಟ್ಟದೆ, ಇದನ್ನು ಬೇರೊಂದು ಹೆಸರಿನಲ್ಲಿ ಉಳಿಸಿದಳು. ಫೈಲಾಗಿಸಲು ಬಿಟ್ಟು ಮೂವರೂ ಕೂತರು. ಅಂಕಿಗಳು ಓಡಿದವು. ಐದು ನಿಮಿಷ ಇಪ್ಪತ್ತು ಸೆಕೆಂಡಿನ ಹಾಡು ಮುಗಿದು ಯಂತ್ರ ತಾನಾಗಿ ನಿಂತಿತು.

"ಅತ್ತಮ್ಮ," ಎಂದಳು ರತ್ನ, "ಹಸಿವಾಗ್ತಿದೆ. ಮುದ್ದೆ ಇದೆಯಾ?"

ಭಾನುವಾರ ಬೆಳಿಗ್ಗೆ ಕುಪ್ಪುಸ್ವಾಮಿ ಮಾನಿಟರನ್ನು ಟವಲಿನಲ್ಲಿ ಸುತ್ತಿ ಹೆಗಲಿಗೇರಿಸಿದ. ಉಳಿದ ಪೆಟ್ಟಿಗೆ ರತ್ನಳ ತೋಳಿನಲ್ಲಿ. ಹೊರಡುವಾಗ ಅಮ್ಮಾಜಮ್ಮ ಒಂದು ಬಟ್ಟೆಯ ಗಂಟು ತಂದು ಅವಳ ಚೀಲಕ್ಕೆ ತುರುಕಿದರು. "ಕಡ್ಲೇಕಾಯಿ. ಇಸ್ಕೊಂಡ ಸಾಮಾನು ವಾಪಸ್ ಕೊಡಾಗ ಬರೀ ಕೈಲಿ ಕೊಡ್ತಾರಾ? ಅದ್ರಾಗೆ ಏನಾರ ಆಕೇ ಕೊಡ್ಬೇಕು." ಕೋರಮಂಡಲ್ ಸ್ಟೇಷನ್ನಿನಲ್ಲಿ ಗಾಡಿ ಹತ್ತಿದರು. ಆದಿ ತರಿಸಿಟ್ಟಿದ್ದ ಖಾಲಿ ಸಿ.ಡಿ. ಅವಳ ಕೈಚೀಲದಲ್ಲಿತ್ತು, ಅದರ ಬೆನ್ನು ಹಳದಿ, ಬಂಗಾರದಂತೆ. ಕುಪ್ಪುಸ್ವಾಮಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ.

"ಮೂವತ್ತು ವರ್ಷ ಆಯ್ತು ಈ ಗಣಿ ಸೇರಿ," ಎಂದ. "ಇಷ್ಟು ಬಂಗಾರ ಕೈಲಿ ಹಿಡೀತಿರೋದು ಇವತ್ತೇ."

ಬಂಗಾರಪೇಟೆಯಲ್ಲಿ ಜಯರಾಮಪ್ಪ ಕಾದಿದ್ದರು. ಡಿಸ್ಕನ್ನು ಬಿಚ್ಚಿ ತಮ್ಮ ಯಂತ್ರಕ್ಕೆ ಜೋಡಿಸಿದರು. ಹನ್ನೊಂದೂ ಸಾಲಾಗಿ ಕಾಣಿಸಿಕೊ‍ಂಡವು. ಸಿ.ಡಿ. ಒಳಗಿಟ್ಟು, ಆದರೆ ಒತ್ತದೆ, ಗಡಿಯಾರ ನೋಡಿದರು.

"ಏನಣ್ಣ?"

"ರೈಲು. ಮೇನ್ ಲೈನ್ ಪಕ್ಕದಲ್ಲೇ ಇದೀವಿ. ಗಾಡಿ ಹೋದರೆ ಈ ಮೇಜೆಲ್ಲ ನಡುಗುತ್ತೆ. ಬರೆಯೋವಾಗ ನಡುಗಿದರೆ ಸಿ.ಡಿ. ಹಾಳು. ಇದು ಒಂದೇ ಸಲ ಬರೆಯೋದು. ನಾನು ಆಗಲೇ ಎರಡು ಕಳಕೊಂಡಿದೀನಿ." ಮದ್ರಾಸಿನ ಕಡೆಯ ಗಾಡಿ ಗಡಗಡ ದಾಟಿತು. "ಈಗ ಇಪ್ಪತ್ತೈದು ನಿಮಿಷ ಬಿಡುವಿದೆ. ನಮಗೆ ಬೇಕಾಗಿರೋದು ಇಪ್ಪತ್ತಮೂರು. ಗೂಡ್ಸ್ ಗಾಡಿ ಬಂದರೆ ಮಾತ್ರ ದೇವರೇ ಗತಿ, ಅದಕ್ಕೆ ಟೈಮೂ ಇಲ್ಲ ಟೇಬಲ್ಲೂ ಇಲ್ಲ."

ಒತ್ತಿದರು. ಹದಿನೆಂಟನೆಯ ನಿಮಿಷಕ್ಕೆ ಕುಪ್ಪುಸ್ವಾಮಿ ತಟ್ಟನೆ ತಲೆ ಎತ್ತಿದ. ಅವನ ಬರಿಗಾಲಿಗೆ ಎಲ್ಲರಿಗಿಂತ ಮೊದಲು ತಿಳಿಯಿತು. "ಬರ್ತಾ ಇದೆ," ಎಂದ. "ಭಾರದ್ದು."

ರತ್ನ ಯೋಚಿಸಲಿಲ್ಲ. ಬರೆಯುತ್ತಿದ್ದ ಯಂತ್ರದ ತಳಕ್ಕೆ ಎರಡು ಕೈ ಹಾಕಿ ಮೇಜಿನಿಂದ ಕೂದಲೆಳೆಯಷ್ಟು ಎತ್ತಿದಳು. ಇನ್ನೊಂದು ಕಡೆಯಿಂದ ಕುಪ್ಪುಸ್ವಾಮಿ ಹಿಡಿದ. ಗೂಡ್ಸ್ ಗಾಡಿ ಬಂತು; ಕಿಟಕಿಯ ಗಾಜು ನಡುಗಿತು, ಮೇಜು ನಡುಗಿತು, ಜಯರಾಮಪ್ಪನವರ ಲೋಟ ಬಸಿಯಲ್ಲಿ ಕುಣಿಯಿತು. ಡಬ್ಬಿಗಳು ಮುಗಿಯುವಂತೆಯೇ ಕಾಣಲಿಲ್ಲ. ಅವಳ ತೋಳು ಸೋತು ಬಂತು. ನಡುಕವೆಲ್ಲ ಮೊಣಕಾಲಿಗೆ, ಸೊಂಟಕ್ಕೆ, ಭುಜಕ್ಕೆ ಏರಿ ಅಲ್ಲೇ ಉಳಿಯಿತು, ಅಂಗೈ ಅಲುಗಲಿಲ್ಲ. ಗಾಡಿ ದಾಟಿದ ಮೇಲೆ ನೋಡಿದರೆ ಅವಳ ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಸಿ.ಡಿ. ಹೊರಗೆ ಬಂತು, ಬೆಚ್ಚಗೆ. ಜಯರಾಮಪ್ಪ ಹಾಕಿ ಹನ್ನೊಂದನೆಯದನ್ನೇ ಕೇಳಿಸಿದರು. ಊದುಗೊಳವೆ ಇಳಿಯಿತು, ಏರಿತು. ಒಂದು ಗಂಟೆ. ನಿಂತಿತು. ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಬಹಳ ಹೊತ್ತು ಒರೆಸಿದರು.

"ಆ ಪೆಟ್ಟಿಗೆಯಲ್ಲಿ ಇದನ್ನ ಮಾಡಿದನಾ," ಎಂದರು. "ನಾನು ಅದರಲ್ಲಿ ಹುಡುಗರಿಗೆ ಅರ್ಜಿ ಟೈಪ್ ಮಾಡೋದು ಹೇಳಿಕೊಡ್ತಿದ್ದೆ."

ಡಿಸ್ಕನ್ನು ಮರಳಿ ಅದರ ಪೆಟ್ಟಿಗೆಗೆ ಕೂಡಿಸಿದರು. ಮಾನಿಟರು, ಕೀಬೋರ್ಡು ಜೋಡಿಸಿ ಹಚ್ಚಿದರು. ಸೋಮವಾರದ ಹುಡುಗರಿಗೆ ಡಿಸ್ಕ್ ಖಾಲಿ ಬೇಕಿತ್ತು. ಆದರೆ ಅಳಿಸಲು ಅವರಿಗೆ ಕೈ ಬರಲಿಲ್ಲ. "ನೀನೇ ನೋಡಿ ತೆಗಿ ತಾಯಿ," ಎಂದು ಕುರ್ಚಿ ಬಿಟ್ಟುಕೊಟ್ಟು, ಕಡಲೇಕಾಯಿ ಗಂಟು ಬಿಚ್ಚಿ ಕುಪ್ಪುಸ್ವಾಮಿಯ ಕೈಗೊಂದಿಷ್ಟು ಸುರಿದರು.

ರತ್ನ ಕೂತಳು. ಫ್ಲಾಪಿಗೆ ಹಿಡಿಸುವಷ್ಟನ್ನು ಆಗಲೇ ಹಾಕಿಕೊಂಡಿದ್ದಳು. ವೇವ್ ಫೈಲುಗಳನ್ನು ಒಂದೊಂದಾಗಿ ತೆಗೆದಳು. ಹತ್ತು ಹಾಡಿನ ಚೀಟಿಗಳನ್ನೂ ತೆಗೆದಳು. ಹನ್ನೊಂದನೆಯದರಲ್ಲಿ ಗಂಟೆ ಇರುವುದನ್ನು ತೆಗೆದಳು. ಆದಿ ಬರೆದಂತೆಯೇ ಇದ್ದ 'ಕುಪ್ಪು' ಒಂದು ಉಳಿಯಿತು. ಅದರ ಮೇಲೆ ಬೆರಳಿಟ್ಟು ತೋರಿಸಿದಳು.

"ಇದು ಇಲ್ಲೇ ಇರಲಿ ಅಣ್ಣ," ಎಂದಳು. "ಜಾಸ್ತಿ ಜಾಗ ಹಿಡಿಯಲ್ಲ. ಖಾಲಿ ಮಾಡಿ ಕೊಡಬಾರದಂತೆ."

ಎದ್ದು ಕುರ್ಚಿಯನ್ನು ಸರಿಸಿ, ಕೀಬೋರ್ಡನ್ನು ಅವರ ಕಡೆಗೆ ತಿರುಗಿಸಿದಳು.

"ತಗೊಳ್ಳಿ. ನಿಮ್ಮ ಮಷೀನು."